ಭಾಗ್ಯನಗರದ ಹೇಮಂತ

ಹಿಮವನ್ನು ಎಂದೂ ಕಾಣದ, ಕೆರೆಯ ನೀರು ಎಂದೂ ಹೆಪ್ಪುಗಟ್ಟದ, ಪುಷ್ಯಮಾಸದ ನಡುಹಗಲಲ್ಲಿಯೂ ಮರದ ನೆರಳನ್ನೇ ಅರಸುವಂತಾಗುವ ಒಂದು ನಗರದ ಚಳಿಗಾಲಕ್ಕೂ ಚರಿತ್ರೆಯೊಂದುಂಟು ಎಂದರೆ ಕೇಳಿದವರು ಒಡನೆಯೇ ನಂಬಲಾರರು. ಹೈದರಾಬಾದು ಸಮುದ್ರಮಟ್ಟದಿಂದ 500 ಮೀಟರಿಗಿಂತ ತುಸು ಮೇಲಿರುವ ದಖನ್ ಪ್ರಸ್ಥಭೂಮಿಯ ಪಟ್ಟಣ. ಅಲ್ಲಿಯ ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿಗಿಳಿದು, ಹಗಲಿನಲ್ಲಿ ಮರಳಿ 28 ಡಿಗ್ರಿಯ ಸಮೀಪಕ್ಕೆ ಏರುವುದು. ದೆಹಲಿಯ ಜನವರಿಯ ರಾತ್ರಿ ಇದಕ್ಕಿಂತ ಏಳೆಂಟು ಡಿಗ್ರಿಗಳಷ್ಟು ಹೆಚ್ಚು ಶೀತಲ. ಹೀಗಿದ್ದೂ ಚಳಿಗೆಂದೇ ಬೇರೆ ಊಟ, ಬೇರೆ ಉಡುಪು, ಬೇರೆ ಹಾಸಿಗೆ, ಬೇರೆ ಅಂಗಡಿ, ಬೇರೆ ಕಸುಬುಗಾರರು, ಅಷ್ಟೇ ಏಕೆ, ಮುಂಜಾನೆ ಏಳುವುದಕ್ಕೆ ಬೇರೆಯೊಂದು ಹೊತ್ತು ಕೂಡ ಈ ನಗರದಲ್ಲಿ ರೂಢಿಗೆ ಬಂದಿತು. ಎರಡು ತಿಂಗಳ ಮೃದುವಾದ ಚಳಿಗೆ ಇಷ್ಟೊಂದು ವಿಸ್ತಾರವಾದ ಉಪಚಾರ ಏತರಿಂದ ಬಂದಿತೆಂಬುದನ್ನು ವಿಚಾರಿಸಹೊರಟರೆ ಆ ವಿಚಾರವು ನಮ್ಮನ್ನು ಒಂದು ಕಡೆ ಇರಾನಿನ ಪರ್ವತಪಾದದವರೆಗೂ, ಇನ್ನೊಂದು ಕಡೆ ನಮ್ಮದೇ ಕುರುಬರ ಹಟ್ಟಿಗಳವರೆಗೂ ಕೊಂಡೊಯ್ಯುತ್ತದೆ.

ಮೊದಲು ಚಳಿಯ ಮಾತನ್ನೇ ಹೇಳಬೇಕು. ಅದು ಮೃದುವೆಂದೆನಾದರೂ ಮಿಥ್ಯೆಯಲ್ಲ. ಮಳೆಯ ಮಾರುತಗಳು ಹಿಂದೆ ಸರಿದು, ಆಕಾಶ ನಿರ್ಮಲವಾಗಿ, ಉತ್ತರ ಈಶಾನ್ಯಗಳಿಂದ ಒಣಗಾಳಿ ಬೀಸತೊಡಗಿದಾಗ, ಹಗಲೆಲ್ಲ ಕಾದ ಈ ಕಲ್ಲುನೆಲ ತನ್ನ ಕಾವನ್ನು ಸೂರ್ಯಾಸ್ತದ ನಂತರ ಬಹುಬೇಗ ಬಿಟ್ಟುಕೊಡುತ್ತದೆ. ತಡೆಯಲು ಮೇಲೆ ಮೋಡವೂ ಇಲ್ಲ, ಗಾಳಿಯಲ್ಲಿ ತೇವವೂ ಇಲ್ಲ. ಕರಾವಳಿಯವನಿಗೆ ಅಪರಿಚಿತವಾದ, ತುಟಿಯನ್ನೂ ಹಿಮ್ಮಡಿಯನ್ನೂ ಒಡೆಯಿಸುವ ಈ ಒಣಚಳಿ ಕಲಬುರಗಿ ಬೀದರುಗಳವರಿಗೆ ಚೆನ್ನಾಗಿ ಗೊತ್ತು. ಕೆಲವು ವರ್ಷಗಳಲ್ಲಿ ಅದು ಸೌಮ್ಯತೆಯನ್ನು ತೊರೆದದ್ದೂ ಉಂಟು. 1946ರ ಜನವರಿ 8ರಂದು ಹೈದರಾಬಾದಿನ ಉಷ್ಣತೆ 6.1 ಡಿಗ್ರಿಗೆ ಇಳಿದುದು ದಾಖಲೆಯಲ್ಲಿದೆ. ಹುಲ್ಲುಗುಡಿಸಲಲ್ಲಿ ಮಲಗುವವನಿಗೆ, ಕಲ್ಲುಕಂಬದ ಬುಡದಲ್ಲಿ ಇರುಳನ್ನು ಕಳೆಯುವ ಕೂಲಿಯವನಿಗೆ ಅಂಥ ರಾತ್ರಿ ಎಂಥದಾಗಿದ್ದೀತೆಂಬುದನ್ನು ಊಹಿಸಬೇಕು.

ಆದರೆ ನಗರದ ಚಳಿಗಾಲದ ಸಂಭ್ರಮಗಳನ್ನು ಕಟ್ಟಿದವರು ಆ ಕೂಲಿಯವರಲ್ಲ. ಬೇರೆಡೆಯ ಘೋರವಾದ ಚಳಿಯನ್ನು ನೆನಪಿನಲ್ಲಿ ಹೊತ್ತು ದಕ್ಷಿಣಕ್ಕೆ ಬಂದವರು. ಗೋಲ್ಕೊಂಡದ ಕುತುಬಶಾಹಿ ವಂಶದ ಮೂಲಪುರುಷನಾದ ಸುಲ್ತಾನ್ ಕುಲಿಯ ಹುಟ್ಟೂರು ಇರಾನಿನ ಹಮದಾನ್. ಅಲ್ವಂದ್ ಪರ್ವತದ ಅಡಿಯಲ್ಲಿ ಸುಮಾರು 1800 ಮೀಟರು ಎತ್ತರದಲ್ಲಿರುವ ಆ ನಗರದಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಹಿಮ. ಅಲ್ಲಿಂದ ಹೊರಟವನು ಮೊದಲು ಬಂದು ಸೇವೆಗೆ ನಿಂತದ್ದು ನಮ್ಮ ಬೀದರಿನ ಬಹಮನಿ ಆಸ್ಥಾನದಲ್ಲಿ. ಗೋಲ್ಕೊಂಡದಲ್ಲಿ ಸ್ವತಂತ್ರವಾಗಿ ರಾಜ್ಯವಾಳಿದ್ದು ಆಮೇಲಿನ ಮಾತು. ಅದಕ್ಕೂ ಮೊದಲೇ, 1327ರ ಸುಮಾರಿನಲ್ಲಿ ಮಹಮ್ಮದ್ ಬಿನ್ ತುಘಲಕನು ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸಿದಾಗ, ದೆಹಲಿಯ ಕುಲೀನರೂ ಕುಶಲಿಗಳೂ ಸೂಫಿಗಳೂ ದಖನ್ನಿಗೆ ಬಂದಿದ್ದರು. 1347ರಲ್ಲಿ ಬಹಮನಿ ರಾಜ್ಯ ಕಲಬುರಗಿಯಲ್ಲಿ ನೆಲೆನಿಂತಿತು. ಹೀಗೆ ಉತ್ತರದ ದೀರ್ಘ ಚಳಿಗಾಲದ ಸಂಸ್ಕಾರವು ಹೈದರಾಬಾದನ್ನು ಸೇರಿದ್ದು ಕನ್ನಡನಾಡಿನ ಕೋಟೆಗಳ ಮೂಲಕ ಎಂಬುದನ್ನು ಹೈದರಾಬಾದಿನ ವೈಭವವನ್ನು ವರ್ಣಿಸುವವರು ಸಾಮಾನ್ಯವಾಗಿ ಹೇಳುವುದಿಲ್ಲ, ನಾವಾದರೂ ಹೇಳಬೇಕು.

1591ರಲ್ಲಿ ಚಾರ್ಮಿನಾರನ್ನು ನಡುವಿರಿಸಿ ನಗರವನ್ನು ಕಟ್ಟಿಸಿದ ಮಹಮ್ಮದ್ ಕುಲಿ ಕುತುಬಶಹನು ಸ್ವತಃ ಕವಿ. ದಖನಿ ಭಾಷೆಯಲ್ಲಿ ಅವನು ರಚಿಸಿದ ಕವಿತೆಗಳಲ್ಲಿ ವಸಂತವನ್ನೂ ಮಳೆಗಾಲವನ್ನೂ ಕುರಿತವುಗಳ ಜೊತೆಗೆ ‘ಠಂಡ್ ಕಾಲಾ’, ಅಂದರೆ ಚಳಿಗಾಲವನ್ನು ಕುರಿತವುಗಳೂ ಇವೆ. ಪಾರಸಿಯ ಸಂಪ್ರದಾಯದಲ್ಲಿ ಬೆಳೆದವನಾದರೂ ಅವನ ಕಣ್ಣು ನೋಡಿದ್ದು ಈ ನೆಲದ ಋತುಗಳನ್ನು. ಮುಂದೆ 1724ರಲ್ಲಿ ದಖನ್ನಿನ ಅಧಿಕಾರವನ್ನು ಕೈವಶಮಾಡಿಕೊಂಡ ನಿಜಾಮುಲ್ಮುಲ್ಕ್ ಆಸಫ್‌ಜಹನ ಹಿಂದೆ ದೆಹಲಿಯ ಮೊಗಲ ಪರಿವಾರದ ಒಂದು ಭಾಗವೇ ದಕ್ಷಿಣಕ್ಕಿಳಿಯಿತು: ಅಮೀರರು, ಲೆಕ್ಕಪತ್ರಗಳನ್ನು ಬಲ್ಲ ಕಾಯಸ್ಥರು, ಖತ್ರಿಗಳು, ಬಾಣಸಿಗರು, ಹಕೀಮರು. 1763ರ ಸುಮಾರಿಗೆ ನಿಜಾಮ್ ಅಲಿಖಾನನು ರಾಜಧಾನಿಯನ್ನು ಔರಂಗಾಬಾದಿನಿಂದ ಹೈದರಾಬಾದಿಗೆ ತಂದಾಗ ಅವರೆಲ್ಲರೂ ಮೂಸಿ ನದಿಯ ದಡದಲ್ಲಿ ಮನೆಮಾಡಿದರು. ದೆಹಲಿಯಲ್ಲಿ ಪ್ರಾಣರಕ್ಷಣೆಗೆ ಅಗತ್ಯವಾಗಿದ್ದ ರಜಾಯಿ, ದುಲಾಯಿ, ಕಾಶ್ಮೀರದ ಶಾಲು, ಬೆಳಗಿನ ಜಾವದ ಮಾಂಸದ ಸಾರು, ಇವೆಲ್ಲವೂ ಇಲ್ಲಿ ಕುಲಮರ್ಯಾದೆಯ ಚಿಹ್ನೆಗಳಾದವು. ನಿಜಾಮರ ರಾಜ್ಯದ್ದೇ ಆದ ಔರಂಗಾಬಾದಿನ ಹಿಮ್ರು, ಹತ್ತಿಯ ಮೇಲೆ ರೇಷ್ಮೆಯ ಹೂಬಳ್ಳಿಗಳನ್ನು ನೆಯ್ದ ಆ ದಪ್ಪನೆಯ ವಸ್ತ್ರ, ಶೇರ್ವಾನಿಯಾಗಿ ಚಳಿಗಾಲದ ಮದುವೆಗಳಲ್ಲಿ ಕಾಣಿಸಿಕೊಂಡಿತು.

ಊಟದ ವಿಷಯದಲ್ಲಿ ಈ ಸಂಸ್ಕಾರ ಇನ್ನೂ ಆಳಕ್ಕಿಳಿಯಿತು. ಕುರಿಯ ಕಾಲುಗಳನ್ನೂ ನಾಲಗೆಯನ್ನೂ ದೊಡ್ಡ ದೇಗಿನಲ್ಲಿ ಹಾಕಿ, ಮಸಾಲೆಯ ಗಂಟನ್ನು ಇಳಿಬಿಟ್ಟು, ಮುಚ್ಚಳ ಬಿಗಿದು, ಇದ್ದಿಲ ಸಣ್ಣ ಕಾವಿನ ಮೇಲೆ ರಾತ್ರಿಯಿಡೀ ಬೇಯಿಸಿದ ನಹಾರಿಯನ್ನು ಮುಂಜಾನೆಯ ನಮಾಜು ಮುಗಿದೊಡನೆ ಉಣ್ಣಬೇಕು. ಹೊತ್ತೇರಿದ ಮೇಲೆ ಉಂಡರೆ ಅದರ ಗುಣವೂ ರುಚಿಯೂ ತಪ್ಪಿತೆಂದೇ ಹಳೆಯ ನಗರದವರ ಅಭಿಪ್ರಾಯ. ಎಲುಬಿನೊಳಗಿನ ಸತ್ತ್ವವೆಲ್ಲ ಕರಗಿ, ತುಟಿಗಳು ಅಂಟಿಕೊಳ್ಳುವಷ್ಟು ಗಾಢವಾದ ಆ ಸಾರಿಗೆ ಜೊತೆಯಾದದ್ದು ನಾಲ್ಕು ಮೂಲೆಗಳ ನಾನ್. ತಂದೂರಿನ ಒಳಗೋಡೆಗೆ ಬಡಿದು ಬೇಯಿಸುವ ಈ ರೊಟ್ಟಿಗೆ ಪುರಾನಿ ಹವೇಲಿಯ ಬಳಿಯ ಮುನ್ಷಿ ನಾನ್ ಅಂಗಡಿ ಪ್ರಸಿದ್ಧ. ಅದರ ಒಲೆಯನ್ನು 1851ರಲ್ಲಿ ಹೊತ್ತಿಸಿದರೆಂದು ಹೇಳುತ್ತಾರೆ. ಇನ್ನೂ ಕತ್ತಲಿರುವಾಗಲೇ ಪಾತ್ರೆ ಹಿಡಿದು ದೇಗಿನ ಸುತ್ತ ನಿಲ್ಲುವ ಹುಡುಗರು, ಸೌಟು ಮೇಲೆದ್ದಾಗ ಅವರ ಮುಖಗಳನ್ನು ಮರೆಮಾಡುವ ಹಬೆ, ಶಾಲನ್ನು ಕಿವಿಯವರೆಗೆ ಹೊದ್ದು ಮೌನವಾಗಿ ಉಣ್ಣುತ್ತಿರುವ ವೃದ್ಧರು: ಈ ದೃಶ್ಯವನ್ನು ನೋಡಿದವನಿಗೆ ಈ ನಗರದವರು ಚಳಿಯನ್ನು ಕೇವಲ ಸಹಿಸದೆ ಸತ್ಕರಿಸುತ್ತಾರೆಂಬುದು ಮನದಟ್ಟಾಗುವುದು. ನಿಜಾಮರ ಸೇನೆಗೆಂದು ಹದ್ರಮೌತಿನಿಂದ ಬಂದು ಬಾರ್ಕಸ್‌ನಲ್ಲಿ ನೆಲೆಸಿದ ಅರಬರು ಗೋಧಿಯನ್ನೂ ಮಾಂಸವನ್ನೂ ಒಟ್ಟಿಗೆ ಕುಟ್ಟಿ ಬೇಯಿಸುವ ಹರೀಸನ್ನು ತಂದರು. ಜಾಜಿಕಾಯಿ, ಕೇಸರಿ, ಮೊಳಕೆಗೋಧಿ, ತುಪ್ಪಗಳನ್ನು ಹೊತ್ತುಗಟ್ಟಲೆ ಮಗುಚಿ ಮಾಡುವ ಜೌಜಿ ಹಲ್ವ ಸಿಹಿಯಂಗಡಿಗಳಲ್ಲಿ ಚಳಿಗಾಲದ ಪಥ್ಯವೆನಿಸಿತು.

ಪಥ್ಯವೆಂದುದು ಯೋಚಿಸಿಯೇ. ಹಕೀಮರ ಯುನಾನಿ ಶಾಸ್ತ್ರದಲ್ಲಿ ಆಹಾರವಸ್ತುಗಳಿಗೆ ಉಷ್ಣ, ಶೀತ ಎಂಬ ಪ್ರಕೃತಿಭೇದವುಂಟು. ಶೀತಕಾಲದಲ್ಲಿ ಉಷ್ಣಪ್ರಕೃತಿಯ ಪದಾರ್ಥವು ದೇಹವನ್ನು ಸಮಸ್ಥಿತಿಯಲ್ಲಿಡುವುದೆಂಬುದು ಅವರ ಮತ. ನಮ್ಮ ಆಯುರ್ವೇದದ ಋತುಚರ್ಯೆಯಾದರೋ, ಹೇಮಂತದಲ್ಲಿ ಜಠರಾಗ್ನಿ ಪ್ರಬಲವಾಗಿರುವುದರಿಂದ ಸ್ನಿಗ್ಧವೂ ಗುರುವೂ ಆದ ಆಹಾರವನ್ನು ಸೇವಿಸಬೇಕು, ಎಣ್ಣೆಯ ಅಭ್ಯಂಗ ಮಾಡಬೇಕು, ಉಣ್ಣೆಯನ್ನು ಹೊದೆಯಬೇಕು, ಬೆಂಕಿಯ ಬಳಿ ಕುಳಿತುಕೊಳ್ಳಬೇಕು ಎಂದು ವಿಧಿಸುತ್ತದೆ. ಕಾಚಿಗುಡದ ಕನ್ನಡಿಗನ ಮನೆಯಲ್ಲಿ ಧನುರ್ಮಾಸದ ನಸುಕಿನಲ್ಲಿ ದೇವರಿಗೆ ನೈವೇದ್ಯವಾಗುತ್ತಿದ್ದ, ಮೆಣಸು ತುಪ್ಪಗಳಿಂದ ಘಮಘಮಿಸುವ ಹುಗ್ಗಿಗೂ, ಅದೇ ನಸುಕಿನಲ್ಲಿ ಮೂಸಿಯಾಚೆಯ ಗಲ್ಲಿಯಲ್ಲಿ ತೆರೆಯುತ್ತಿದ್ದ ದೇಗಿಗೂ ಆಚಾರದಲ್ಲಿ ಅಜಗಜಾಂತರವಿದ್ದೀತು; ಆದರೆ ಚಳಿಯಲ್ಲಿ ಸೂರ್ಯೋದಯಕ್ಕೆ ಮೊದಲೇ ಹೊಟ್ಟೆಗೆ ಬಿಸಿಯಾದ, ಗುರುವಾದ ಅನ್ನ ಬೀಳಬೇಕೆಂಬ ತಿಳಿವಳಿಕೆ ಎರಡು ಕಡೆಯೂ ಒಂದೇ.

ಕನ್ನಡಿಗರ ಮಾತು ಬಂದುದರಿಂದ ಎರಡು ವಾಕ್ಯ ಹೆಚ್ಚು ಹೇಳುವೆನು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ತೆರೆದ ಮೇಲೆ ಕಲಬುರಗಿ ರಾಯಚೂರುಗಳಿಂದ ಓದಿಗೂ ನೌಕರಿಗೂ ಕೋರ್ಟು ಕಚೇರಿಗಳಿಗೂ ರಾಜಧಾನಿಗೆ ಹೋಗಿಬರುವುದು ಸುಲಭವಾಯಿತು. ಮುಂದೆ ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಕಟ್ಟಿ ಬೆಳೆಸಿದ ಸಮಾಜವು ತನ್ನ ಚಳಿಗಾಲವನ್ನೂ ಸಂಗಡ ತಂದಿತು: ಭೋಗಿಯ ದಿನ ಎಳ್ಳು ಹಚ್ಚಿ ತಟ್ಟಿದ ಸಜ್ಜೆಯ ರೊಟ್ಟಿ, ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಭಜ್ಜಿ ಅಂಬಲಿಗಳ ನೆನಪು, ಹಳೆಯ ಸೀರೆ ಧೋತರಗಳನ್ನು ಒಂದರ ಮೇಲೊಂದು ಹಾಸಿ ಅಜ್ಜಿಯ ಕೈ ಹೊಲಿದ ಕೌದಿ. ಹೊಲವಿಲ್ಲದ ಪಟ್ಟಣದಲ್ಲಿ ಚರಗ ಚೆಲ್ಲುವುದಾಗಲಿಲ್ಲ. ಕೌದಿ ಮಾತ್ರ ರೈಲಿನ ಹಾಸಿಗೆಸುರುಳಿಯಲ್ಲಿ ಬಂದು ವಿದ್ಯಾರ್ಥಿಯ ಬೆನ್ನನ್ನು ಕಾಯಿತು.

ಸಿರಿವಂತನ ರಜಾಯಿಗೂ ಬಡವನ ರಜಾಯಿಗೂ ಒಬ್ಬನೇ ಜೀವದಾತ, ಅವನು ಪಿಂಜಾರ. ದೀಪಾವಳಿ ಕಳೆದು ಚಳಿ ಮೊಳೆಯುವ ಹೊತ್ತಿಗೆ, ಆಳೆತ್ತರದ ಬಿಲ್ಲೊಂದನ್ನು ಹೆಗಲಿಗೇರಿಸಿ, ಅದರ ತಂತಿಯನ್ನು ಮೀಟಿ ಸದ್ದು ಮಾಡುತ್ತ ಅವನು ಗಲ್ಲಿಯೊಳಗೆ ಬರುತ್ತಿದ್ದನು. ನಮ್ಮಲ್ಲಿ ಪಿಂಜಾರರೆಂದೂ ನದಾಫರೆಂದೂ, ತೆಲುಗರಲ್ಲಿ ದೂದೇಕುಲದವರೆಂದೂ ಹೆಸರಾದ ಈ ಜನ ಧರ್ಮದಿಂದ ಮುಸಲ್ಮಾನರು, ನಡೆನುಡಿಯಲ್ಲಿ ಊರವರೊಡನೆ ಒಂದಾದವರು. ವರ್ಷವಿಡೀ ತುಳಿತಕ್ಕೆ ಸಿಕ್ಕಿ ಕಲ್ಲಾದ ಹತ್ತಿಯನ್ನು ರಜಾಯಿಯ ಹೊಲಿಗೆ ಬಿಚ್ಚಿ ಹೊರಗೆ ಸುರಿದು, ಬಿಲ್ಲಿನ ನರದ ಹೆದೆಯನ್ನು ಅದರೊಳಗೆ ಇಳಿಸಿ, ಮರದ ಕೊಡತಿಯಿಂದ ಬಡಿಯತೊಡಗಿದನೆಂದರೆ ಹೆದೆಯ ಒಂದೊಂದು ಕಂಪನಕ್ಕೂ ಹತ್ತಿಯ ಗಂಟು ಸಡಿಲಿ, ಎಳೆ ಎಳೆಯಾಗಿ ಮೇಲಕ್ಕೆ ಚಿಮ್ಮಿ, ನೋಡನೋಡುತ್ತಿರುವಂತೆಯೇ ಅಂಗಳದಲ್ಲಿ ಬಿಳಿಯ ಗುಡ್ಡವೊಂದು ಬೆಳೆದು ನಿಲ್ಲುವುದು. ಬಳಿಕ ಅದನ್ನು ಸಮವಾಗಿ ಹರಡಿ, ಬಟ್ಟೆಯ ಗವಸಿನೊಳಗೆ ಸೇರಿಸಿ, ಕೋಲಿನಿಂದ ತಟ್ಟಿ, ಉದ್ದವಾದ ಸೂಜಿಯಿಂದ ದೂರದೂರದ ಹೊಲಿಗೆಗಳನ್ನು ಹಾಕಿದರೆ ಹಳೆಯ ರಜಾಯಿ ಹೊಸತಾಯಿತು. ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಮೈಯ ಕಾವನ್ನು ಕಾಪಾಡುವುದೆಂಬ ಭೌತಶಾಸ್ತ್ರದ ತತ್ತ್ವವನ್ನು ಆತ ಪುಸ್ತಕದಿಂದ ಕಲಿತವನಲ್ಲ. ಆದರೆ ಅವನ ಇಡೀ ವಿದ್ಯೆ ಆ ತತ್ತ್ವದ ಪ್ರಯೋಗವೇ ಆಗಿತ್ತು. ದಿನವಿಡೀ ಹತ್ತಿಯ ಧೂಳು ಕುಡಿದ ಅವನ ಎದೆಯ ಕೆಮ್ಮನ್ನು ಆ ರಜಾಯಿ ಹೊದ್ದವರು ಎಷ್ಟು ಮಂದಿ ನೆನೆದರೋ!

ರಜಾಯಿಗೂ ಗತಿಯಿಲ್ಲದವರ, ಹೊಲ ಕಾಯುವವರ, ಬಂಡಿ ಹೊಡೆಯುವವರ, ಅರಮನೆಯ ಹೊರಬಾಗಿಲಿನ ಕಾವಲುಗಾರರ ಚಳಿಗಾಲವನ್ನು ಕಳೆಯಿಸಿದ್ದು ಕರಿಯ ಕಂಬಳಿ. ತೆಲಂಗಾಣದಲ್ಲಿ ಅದನ್ನೇ ಗೊಂಗಡಿಯೆನ್ನುತ್ತಾರೆ. ಈ ನಗರದ ಚಳಿಗಾಲದ ಚರಿತ್ರೆಯಲ್ಲಿ ಮೊದಲ ಸ್ಥಾನ ಇದಕ್ಕೆ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಚಳಿಯನ್ನು ಸತ್ಕರಿಸುವ ರೀತಿನೀತಿಗಳು ಉತ್ತರದಿಂದ ಬಂದಿರಬಹುದು. ಬಹುಜನರ ಮೈಗೆ ಕಾವು ಕೊಟ್ಟದ್ದು ಮಾತ್ರ ಈ ನೆಲದ ಕುರಿ, ಈ ನೆಲದ ಕೈ. ತುಮಕೂರು ಚಿತ್ರದುರ್ಗಗಳಿಂದ ಹಿಡಿದು ಮೇದಕ್ ಮಹಬೂಬನಗರಗಳವರೆಗೆ ಹಬ್ಬಿರುವ ಒಣಬಯಲಿನಲ್ಲಿ ಮೇಯುವ ದಖನಿ ಕುರಿಯ ತುಪ್ಪಟ ಒರಟು, ಬಹುಪಾಲು ಕಪ್ಪು. ವರ್ಷಕ್ಕೆ ಎರಡು ಸಲ ಅದನ್ನು ಕತ್ತರಿಸುತ್ತಾರೆ. ಉಣ್ಣೆಯನ್ನು ಬಿಡಿಸಿ ಹಿಂಜಿ ನೂಲುವುದು ಹೆಂಗಸರ ಪಾಲಿನ ಕೆಲಸ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೆಯ್ಯುವುದು ಗಂಡಸರದು. ಇವೆರಡರ ನಡುವೆ ಒಂದು ಕ್ರಿಯೆಯುಂಟು, ಕಂಬಳಿಯ ಗುಣವೆಲ್ಲ ಅದರಲ್ಲಿ ಅಡಗಿದೆ. ಹುಣಸೆಯ ಬೀಜವನ್ನು ಹುರಿದು, ಸಿಪ್ಪೆ ಕಳೆದು, ನೆನೆಸಿ, ನುಣ್ಣಗೆ ಅರೆದು ಕುದಿಸಿದ ಸರಿಯನ್ನು, ಬಯಲಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಹಾಸಿನ ನೂಲಿಗೆ ಕುಂಚದಿಂದ ಬಳಿಯುತ್ತಾರೆ. ಬಿಸಿಲಿಗೆ ಒಣಗಿದಾಗ ಹೊರಚಾಚಿದ ಕೂದಲುಗಳೆಲ್ಲ ಅಡಗಿ, ನೂಲು ಬಿಗಿಯಾಗಿ, ಮಗ್ಗದ ಎಳೆತವನ್ನು ತಾಳಿಕೊಳ್ಳುತ್ತದೆ. ಹೊಸ ಕಂಬಳಿ ಇದರಿಂದಾಗಿ ಹಲಗೆಯಂತೆ ನಿಲ್ಲುವಷ್ಟು ಬಿರುಸು. ಬಳಸುತ್ತ ಬಳಸುತ್ತ ಮೆತ್ತಗಾಗುವುದು. ಬಣ್ಣ ಹಾಕಬೇಕಿಲ್ಲ. ಉಣ್ಣೆಯ ಸಹಜವಾದ ಜಿಡ್ಡಿನಿಂದ ಮಳೆಯ ಹನಿ ಜಾರಿಹೋಗುವುದು. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ತಲೆಯ ಮೇಲೆ ಮಡಿಸಿ ಹಾಕಿದರೆ ಮಳೆಗೂ ಮಂಜಿಗೂ ಕೊಪ್ಪೆ, ಪಂಚಾಯಿತಿ ಕೂಡಿದರೆ ಹಿರಿಯರಿಗೆ ಆಸನ, ಪೂಜೆಗೆ ಹಾಸಿದರೆ ದೇವರ ಗದ್ದುಗೆ.

ಇದನ್ನು ನೆಯ್ದವರು ನಮ್ಮಲ್ಲಿ ಕುರುಬರು, ತೆಲಂಗಾಣದಲ್ಲಿ ಕುರುಮರು. ಇವೆರಡು ಕವಲುಗಳ ಬೇರು ಒಂದೇ ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ಅವರ ಮದುವೆಯನ್ನು ನೋಡಬೇಕು. ಎರಡು ಕಡೆಯೂ ಒಂದೇ ವಿಭಾಗವುಂಟು: ಮದುವೆಯಲ್ಲಿ ಮಣಿಕಟ್ಟಿಗೆ ಹತ್ತಿಯ ದಾರ ಕಟ್ಟುವವರು ಹತ್ತಿಕಂಕಣದವರು, ಉಣ್ಣೆಯ ದಾರ ಕಟ್ಟುವವರು ಉಣ್ಣೆಕಂಕಣದವರು. ದಕ್ಷಿಣ ಭಾರತದ ಜಾತಿಗಳನ್ನು ಕುರಿತು 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಗ್ರಂಥದಲ್ಲಿಯೂ ಕುರುಬರ ಈ ವಿಭಾಗ ಉಲ್ಲೇಖಿತವಾಗಿದೆ. ಬೀರಪ್ಪನೂ ಮಲ್ಲಣ್ಣನೂ ಅವರ ದೈವಗಳು. ಕೊಮುರವೆಲ್ಲಿಯ ಮಲ್ಲಣ್ಣನ ಜಾತ್ರೆ ಸಂಕ್ರಾಂತಿಯ ಸುಮಾರಿನಲ್ಲಿ, ಚಳಿಯ ನಡುವೆಯೇ ಮೊದಲಾಗುವುದು. ಅಲ್ಲಿ ಒಗ್ಗು ಕಥೆಗಾರರು ಡೋಲು ಬಡಿಯುತ್ತ ದೇವರ ಚರಿತ್ರೆಯನ್ನು ಹಾಡುವಾಗ ಹೆಗಲ ಮೇಲೆ ಗೊಂಗಡಿ ಹೊದ್ದು ಕೇಳುವ ಜನವನ್ನೂ, ಮೈಲಾರದಲ್ಲಿ ಕರಿಯ ಕಂಬಳಿಯ ನಿಲುವಂಗಿ ತೊಟ್ಟು ಡಮರು ನುಡಿಸುವ ಗೊರವರನ್ನೂ ಮನಸ್ಸಿನಲ್ಲಿ ಅಕ್ಕಪಕ್ಕಕ್ಕೆ ನಿಲ್ಲಿಸಿ ನೋಡಿದಾಗ 1956ರಲ್ಲಿ ಎಳೆದ ರಾಜ್ಯದ ಗಡಿ ಈ ಉಣ್ಣೆಯ ನಾಡಿಗೆ ತಿಳಿದೇ ಇಲ್ಲವೆನಿಸುವುದು.

ಹೈದರಾಬಾದಿನಲ್ಲಿ ಹುಟ್ಟಿದ ಯೂಸುಫ್ ಖಾನ್ ಎಂಬ ಸಾಹಸಿ ‘ಕಂಬಲ್‌ಪೋಶ್’, ಅಂದರೆ ಕಂಬಳಿ ಹೊದ್ದವನು, ಎಂಬ ಹೆಸರಿನಿಂದ ಪ್ರಸಿದ್ಧನಾದವನು. 1828ರಲ್ಲಿ ಊರು ಬಿಟ್ಟು ಲಖನೌ ಸೇರಿ, 1837ರಲ್ಲಿ ಕಲ್ಕತ್ತೆಯಿಂದ ಹಡಗೇರಿ ಲಂಡನ್ನಿಗೆ ಹೋಗಿ, ಮರಳಿ ಬಂದು ಬರೆದ ಅವನ ವೃತ್ತಾಂತ 1847ರಲ್ಲಿ ಅಚ್ಚಾಯಿತು. ಉರ್ದುವಿನಲ್ಲಿ ಅದು ಮೊದಲ ಪ್ರವಾಸಕಥನಗಳಲ್ಲಿ ಒಂದೆಂದು ಗಣ್ಯವಾಗಿದೆ. ದಖನ್ನಿನ ಮಗನೊಬ್ಬನು ಕಂಬಳಿಯ ಹೆಸರನ್ನೇ ಹೊತ್ತು ಉತ್ತರದ ನಿಜವಾದ ಚಳಿಯ ನಾಡಿಗೆ ಹೋದುದು ನನಗೆ ಬಹಳ ಪ್ರಿಯವಾದ ಸಂಗತಿ.

ಇದಕ್ಕೆ ಪ್ರತಿಯಾಗಿ ಉತ್ತರದವರು ಈ ಚಳಿಯನ್ನು ಅರಸಿ ಬಂದುದೂ ಉಂಟು. 1806ರಲ್ಲಿ ನೆಲೆಗೊಂಡ ಸಿಕಂದರಾಬಾದಿನ ದಂಡಿನ ಇಂಗ್ಲಿಷರಿಗೆ ಇಲ್ಲಿಯ ಬೇಸಗೆ ಯಾತನೆ, ಇಲ್ಲಿಯ ಡಿಸೆಂಬರು ಸುಖ. ದಂಡಿನ ಉತ್ತರಕ್ಕೆ ಬೊಲ್ಲಾರಮಿನಲ್ಲಿ 1860ರಲ್ಲಿ ಕಟ್ಟಿದ, ರೆಸಿಡೆಂಟನ ಬಂಗಲೆಯಾಗಿದ್ದ ಕಟ್ಟಡವೇ ಇಂದಿನ ರಾಷ್ಟ್ರಪತಿ ನಿಲಯ. ದೆಹಲಿ ಮಂಜಿನಲ್ಲಿ ಮುಳುಗುವ ದಿನಗಳಲ್ಲಿ ರಾಷ್ಟ್ರಪತಿಗಳು ವರ್ಷಕ್ಕೊಮ್ಮೆ ಇಲ್ಲಿಗೆ ಬಂದು ತಂಗುವ ಸಂಪ್ರದಾಯ ಬೆಳೆದುಬಂದಿದೆ. ಇರಾನಿನಿಂದ ಮುಂಬಯಿಯ ಮೂಲಕ ಬಂದವರು ತೆರೆದ ಚಹದಂಗಡಿಗಳು ಚಳಿಗಾಲದ ಮುಂಜಾನೆಗೆ ಇನ್ನೊಂದು ಆಶ್ರಯವಾದವು. ಆಬಿಡ್ಸ್‌ನ ಗ್ರ್ಯಾಂಡ್ ಹೋಟೆಲು 1935ರದು. ನಹಾರಿ ಮಾಂಸಾಹಾರಿಗಳಿಗೆ ಮಾತ್ರ ಸಲ್ಲುತ್ತಿತ್ತು. ಚಹ ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂಡಿಸಿತು.

1959ರ ನಂತರ ದೇಶ ಬಿಟ್ಟುಬಂದ ಟಿಬೆಟನ್ನರು ಚಳಿಗಾಲದ ವ್ಯಾಪಾರಕ್ಕೆ ಹೊಸ ಮುಖ ಕೊಟ್ಟರು. ನಮ್ಮ ಬೈಲಕುಪ್ಪೆ, ಮುಂಡಗೋಡುಗಳಂಥ ನೆಲೆಗಳಲ್ಲಿ ಮುಂಗಾರಿನ ಮುಸುಕಿನ ಜೋಳ ಬೆಳೆದು ಮುಗಿಸಿದ ಕುಟುಂಬಗಳಲ್ಲಿ ಅನೇಕರು ಸುಗ್ಗಿಯ ಬಳಿಕ ಲುಧಿಯಾನದ ಸ್ವೆಟರುಗಳನ್ನು ತರಿಸಿಕೊಂಡು ದೇಶದ ನಗರಗಳಿಗೆ ಚೆದರುತ್ತಾರೆ. ಹೈದರಾಬಾದಿನಲ್ಲಿಯೂ ವರ್ಷವರ್ಷವೂ ಅವರ ಸಾಲಂಗಡಿಗಳು ಏಳುತ್ತವೆ. ತಾವು ಕಂಡ ಹಿಮದ ಚಳಿಯ ಮುಂದೆ ಯಾವ ಲೆಕ್ಕಕ್ಕೂ ಬಾರದ ಈ ಚಳಿಗೆ ಉಣ್ಣೆಯ ಟೊಪ್ಪಿಗೆ ಮಾರುವ ಆ ವೃದ್ಧೆಯರ ಬಾಳು ಗೌರವಕ್ಕೆ ಪಾತ್ರವಾದುದು.

ಅತ್ತ ಸ್ವೆಟರಿನ ಸಾಲುಗಳು ಬೆಳೆದಂತೆ ಇತ್ತ ಕಂಬಳಿ ಕ್ಷೀಣಿಸಿತು. ಸೈನ್ಯಕ್ಕೂ ಸೆರೆಮನೆಗಳಿಗೂ ಹಿಂದೆ ಕೊಳ್ಳುತ್ತಿದ್ದ ಒರಟು ಕಂಬಳಿಗೆ ಬೇಡಿಕೆ ಇಳಿಯಿತು. ಹೊರದೇಶದ ಮೃದುವಾದ ಉಣ್ಣೆ ಅಗ್ಗವಾಗಿ ಬಂದಿತು. ಮಾಂಸಕ್ಕೇ ಬೆಲೆಯಾದುದರಿಂದ ತುಪ್ಪಟವಿಲ್ಲದ ನೆಲ್ಲೂರು ತಳಿಯ ಟಗರನ್ನು ಹಿಂಡಿಗೆ ಬಿಟ್ಟು ದಖನಿ ಕುರಿಯ ಉಣ್ಣೆಯ ಗುಣವನ್ನೇ ಕೆಡಿಸಿಕೊಂಡದ್ದಾಯಿತು. ಇಂದು ಎಷ್ಟೋ ಕಡೆ ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಹೊಲದ ಬದುವಿನಲ್ಲಿ ಚೆಲ್ಲಿಹೋಗುತ್ತಾರೆ. ಇದು ನಷ್ಟವೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಗರ ಬೆಳೆದು ಸಿಮೆಂಟಿನ ಗೋಡೆಗಳು ರಾತ್ರಿಯ ಕಾವನ್ನು ಹಿಡಿದಿಟ್ಟುಕೊಳ್ಳತೊಡಗಿದ ಮೇಲೆ ಹೈದರಾಬಾದಿನ ನಡುಭಾಗದಲ್ಲಿ ಮೊದಲಿನ ಚಳಿ ಇಲ್ಲವೆಂಬುದು ನಿಜ. ಆದರೆ ಹೊರವಲಯದ ಪಟಾನ್‌ಚೆರುವಿನ ಬಯಲುಗಳಲ್ಲಿ ಉಷ್ಣತೆ ಇಂದಿಗೂ ಹತ್ತು ಡಿಗ್ರಿಗಿಂತ ಕೆಳಗಿಳಿಯುವ ರಾತ್ರಿಗಳಿವೆ, ಆ ರಾತ್ರಿಗಳಲ್ಲಿ ಹಿಂಡಿನೊಡನೆ ಬಯಲಲ್ಲೇ ಮಲಗುವ ಕುರಿಗಾರನೂ ಇದ್ದಾನೆ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಕಾಶ್ಮೀರದ ಜಾಮೇವಾರ್ ಶಾಲುಗಳ ಸೂಕ್ಷ್ಮಕರ್ಮಕ್ಕೆ ಬೆರಗಾಗುವ ಮಕ್ಕಳಿಗೆ ಅದೇ ಸಾಲಿನಲ್ಲಿ ಒಂದು ಕರಿಯ ಗೊಂಗಡಿಯನ್ನೂ, ಅದರ ಕುಣಿಮಗ್ಗವನ್ನೂ, ಹುಣಸೆಬೀಜದ ಸರಿ ಬಳಿಯುವ ಕುಂಚವನ್ನೂ, ಪಿಂಜಾರನ ಬಿಲ್ಲನ್ನೂ ತೋರಿಸುವಂತಾಗಬೇಕು. ಉಣ್ಣೆಯನ್ನು ಕೈಯಿಂದ ನೂಲಬಲ್ಲ ಮುದುಕಿಯರು ಮೇದಕದಲ್ಲಿಯೂ ಚಳ್ಳಕೆರೆಯಲ್ಲಿಯೂ ಇನ್ನೂ ಬದುಕಿರುವಾಗಲೇ, ಅವರ ಬಾಯಿಂದಲೇ ಆ ವಿದ್ಯೆಯನ್ನು ಕೇಳಿ ಬರೆದಿಟ್ಟುಕೊಂಡು, ಆ ಕೆಲಸವನ್ನು ಮಾಡಬೇಕು.